ಹಳದಿ ಉರಿಯ ಅಡುಗೆಮನೆ

ಕೊರೊನಾ ಮುಗಿದು ನಮ್ಮ ಕಡೆಯ ಹೋಂಸ್ಟೇಗಳು ಮತ್ತೆ ತುಂಬತೊಡಗಿದ್ದ ವರ್ಷ ಅದು. ನಾನು ಚಿಕ್ಕಮಗಳೂರಿನಲ್ಲಿದ್ದುಕೊಂಡು ಸುತ್ತಲಿನ ಹೋಂಸ್ಟೇಗಳ ಅಡುಗೆಯವರಿಗೆ ತರಬೇತಿ ಕೊಡುತ್ತಿದ್ದೆ. ಅಕ್ಕಿರೊಟ್ಟಿ, ಕಡುಬು, ಕೋಳಿಸಾರು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಸೌದೆ ಒಲೆಗೆ ಪಳಗಿದ ಕೈಗಳಿಗೆ ಗ್ಯಾಸ್ ಉರಿಯ ಸ್ವಭಾವ ತಿಳಿಸುವುದು, ಯಾವ ಬರ್ನರ್‌ಗೆ ಎಷ್ಟು ಅಗಲದ ಪಾತ್ರೆ, ಯಾವ ಅಡುಗೆಗೆ ಎಂಥ ತಳ ಎಂದು ತೋರಿಸುವುದು ನನ್ನ ಕೆಲಸ.

ಜುಲೈ ತಿಂಗಳಲ್ಲಿ ಒಂದು ದಿನ, ಮಲ್ಲಂದೂರಿನ ಆಚೆ ಹೋಂಸ್ಟೇ ನಡೆಸುವ ವಿಮಲಾ ಫೋನ್ ಮಾಡಿದರು. "ಮೇಡಂ, ನಮ್ಮ ಸರೋಜಕ್ಕನ ರೊಟ್ಟಿ ಇತ್ತೀಚೆಗೆ ಹೊರಗೆ ಕಪ್ಪು, ಒಳಗೆ ಹಸಿ. ಶನಿವಾರ ದೊಡ್ಡ ಗುಂಪು ಬರ್ತಿದೆ. ಒಂದ್ಸಲ ಬಂದು ನೋಡ್ತೀರಾ?"

ಮರುದಿನವೇ ಹೊರಟೆ. ಯಾವಾಗಲೂ ನನ್ನನ್ನು ಕರೆದೊಯ್ಯುವ ರಫೀಕ್‌ನ ಜೀಪು. ದಾರಿಯುದ್ದಕ್ಕೂ ಮಳೆ.

ಸರೋಜಕ್ಕ ಐವತ್ತು ದಾಟಿದ, ಮಾತಿಗಿಂತ ಕೆಲಸವೇ ಮುಂದಿರುವ ಹೆಂಗಸು. ರೊಟ್ಟಿಯ ತೊಂದರೆ ಬೇಗ ತಿಳಿಯಿತು. ತೆಳುವಾದ ಅಲ್ಯೂಮಿನಿಯಂ ತವಾ ನಡುವೆ ಉಬ್ಬಿತ್ತು. ಉರಿ ತಾಗಿದ ಜಾಗ ಮಾತ್ರ ಸೀಯುತ್ತಿತ್ತು. ಅಟ್ಟದ ಮೇಲಿದ್ದ ದಪ್ಪ ಕಬ್ಬಿಣದ ಕಾವಲಿ ಇಳಿಸಿ, ನಿಧಾನವಾಗಿ ಕಾಯಿಸಿ, ಉರಿ ತಗ್ಗಿಸಿ ತಟ್ಟಿಸಿದೆ. ರೊಟ್ಟಿ ಹದವಾಗಿ ಬೆಂದು ಬಂತು. ವಿಮಲಾ ಮುಖ ಅರಳಿತು.

ನನಗೆ ಮಾತ್ರ ಸಮಾಧಾನವಾಗಲಿಲ್ಲ. ಪಕ್ಕದ ಬರ್ನರ್ ಮೇಲೆ ಕಡುಬು ಬೇಯಿಸುವ ದೊಡ್ಡ ತಾಮ್ರದ ಹಂಡೆ ಕೂತಿತ್ತು. ಅದರ ತಳವೆಲ್ಲ ಮಸಿ. ಕೆಳಗೆ ಉರಿ ಹಳದಿ. ಗ್ಯಾಸ್ ನೀಲಿಯಾಗಿ ಉರಿಯಬೇಕು. ಹಳದಿಯಾದರೆ ಅದಕ್ಕೆ ಸಾಕಷ್ಟು ಗಾಳಿ ಸಿಗದೆ ಅರ್ಧಂಬರ್ಧ ಉರಿಯುತ್ತಿದೆ ಎಂದರ್ಥ. ಬಗ್ಗಿ ನೋಡಿದೆ. ಪಾತ್ರೆ ಹೊರುವ ಸ್ಟ್ಯಾಂಡಿನ ಕಾಲುಗಳನ್ನು ಕತ್ತರಿಸಿದ್ದರು.

"ಹಂಡೆ ಅಲ್ಲಾಡ್ತಿತ್ತು, ಅದ್ಕೆ ವೆಲ್ಡಿಂಗ್‌ನವರ ಹತ್ರ ಕೊಯ್ಸಿದ್ವಿ" ಎಂದರು ಸರೋಜಕ್ಕ.

ಹಂಡೆಯ ತಳ ಬರ್ನರಿನ ಬಾಯನ್ನೇ ಮುಚ್ಚುವಂತಿತ್ತು. ಸಾಲದ್ದಕ್ಕೆ ಕಿಟಕಿಗೆ ಪ್ಲಾಸ್ಟಿಕ್ ಹೊಡೆದಿದ್ದರು. ಹಂಡೆ ಕೆಳಗಿಳಿಸಿದೆ, ಪ್ಲಾಸ್ಟಿಕ್ಕನ್ನು ಸ್ವಲ್ಪ ಸರಿಸಿದೆ. ಸ್ಟ್ಯಾಂಡ್ ಬದಲಿಸುವವರೆಗೆ ಆ ಬರ್ನರ್ ಹಚ್ಚಬೇಡಿ ಎಂದು ಇಬ್ಬರಿಗೂ ಹೇಳಿದೆ.

"ಗಾಳಿ ಬಂದ್ರೆ ಉರೀನೇ ನಿಲ್ಲಲ್ಲ ಮೇಡಂ, ಮಳೆ ಇರ್ಚಲೆಲ್ಲ ಒಲೆ ಮೇಲೇ" ಎನ್ನುತ್ತ ಸರೋಜಕ್ಕ ಹಣೆ ಉಜ್ಜಿಕೊಂಡರು.

"ತಲೆನೋವಾ?"

"ದಿನಾ ಇರೋದೇ. ಮಧ್ಯಾಹ್ನದ ಹೊತ್ತಿಗೆ ಹಿಡ್ಕೊಳ್ಳುತ್ತೆ, ಮನೆಗೆ ಹೋದ್ರೆ ಬಿಡುತ್ತೆ. ವಯಸ್ಸಾಯ್ತಲ್ಲ."

ಹೊರಟೆವು. ಜೀಪು ಹತ್ತುವಾಗ ನನ್ನ ತಲೆಯೂ ಭಾರವಾಗಿತ್ತು. ಕಾಫಿ ತಪ್ಪಿತಲ್ಲ, ಅದಕ್ಕೇ ಎಂದುಕೊಂಡೆ. ಜೀಪಿನ ಬದಿಯಿಂದ ತಣ್ಣನೆಯ ಗಾಳಿ ನುಗ್ಗುತ್ತಿತ್ತು. ಅರ್ಧ ಇಳಿಜಾರು ದಾಟುವಷ್ಟರಲ್ಲಿ ತಲೆ ಹಗುರಾಗತೊಡಗಿತು. ಕಾಫಿ ಇನ್ನೂ ಕುಡಿದಿರಲಿಲ್ಲ. "ಮನೆಗೆ ಹೋದ್ರೆ ಬಿಡುತ್ತೆ" ಎಂದಿದ್ದರು ಸರೋಜಕ್ಕ. ಹಾಗಾದರೆ ಇದು ಆ ಅಡುಗೆಮನೆಯ ಗಾಳಿಯದೇ ಕೆಲಸ. ಫೋನ್ ತೆಗೆದೆ, ಸಿಗ್ನಲ್ ಇಲ್ಲ.

"ರಫೀಕ್, ಜೀಪು ತಿರುಗಿಸಿ."

"ಮರ ಬೀಳೋ ಗಾಳಿ ಮೇಡಂ. ಈಗ ಹಿಂದೆ ಹೋದ್ರೆ ಅಲ್ಲೇ ಸಿಕ್ಕಾಕೊಳ್ತೀವಿ."

"ಸಿಕ್ಕಾಕೊಂಡ್ರೂ ಪರವಾಗಿಲ್ಲ. ತಿರುಗಿಸಿ."

ಆ ಏರು ಅಷ್ಟು ಉದ್ದವಿದೆಯೆಂದು ನನಗೆ ಅಂದೇ ಗೊತ್ತಾದದ್ದು. ಸೀಟಿನ ತುದಿಯಲ್ಲಿ ಕೂತು, ಏನೂ ಆಗಿರಲಾರದು, ನಗುತ್ತಾರೆ ಅಷ್ಟೇ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಅಡುಗೆಮನೆಯ ಬಾಗಿಲು ಮಳೆಗೆ ಮುಚ್ಚಿತ್ತು. ತಳ್ಳಿದೆ. ಪ್ಲಾಸ್ಟಿಕ್ ಮತ್ತೆ ಕಿಟಕಿಗೆ ಏರಿತ್ತು, ಹಂಡೆ ಮತ್ತೆ ಬರ್ನರಿಗೆ. ಸರೋಜಕ್ಕ ಗ್ರೈಂಡರ್ ಪಕ್ಕದ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು. ಕಣ್ಣು ತೆರೆದೇ ಇತ್ತು. ಕರೆದರೆ ಉತ್ತರವಿಲ್ಲ. ಉಸಿರು ಬಿಗಿಹಿಡಿದು ರೆಗ್ಯುಲೇಟರ್ ಬಂದ್ ಮಾಡಿದೆ. ರಫೀಕ್ ಅವರ ತೋಳು ಹಿಡಿದ, ನಾನು ಕಾಲು. ಇಬ್ಬರೂ ಸೇರಿ ಜಗಲಿಗೆ ತಂದೆವು. ಮುಂದಿನ ಕೋಣೆಯಲ್ಲಿ ಹಾಸಿಗೆ ಸರಿಮಾಡುತ್ತಿದ್ದ ವಿಮಲಾ ಓಡಿಬಂದು ಅಳತೊಡಗಿದರು.

ಹೊರಗಿನ ಗಾಳಿ ತಾಗಿ ಸ್ವಲ್ಪ ಹೊತ್ತಾದ ಮೇಲೆ ಸರೋಜಕ್ಕ ರಫೀಕ್‌ನನ್ನು ಗುರುತಿಸಿದರು. "ಕಾಲೇ ಬರ್ಲಿಲ್ಲ ಮಾರಾಯ. ಕೂಗೋಣ ಅಂದ್ರೆ ಬಾಯೂ ಬರ್ಲಿಲ್ಲ."

ಅದೇ ಜೀಪಿನಲ್ಲಿ ಚಿಕ್ಕಮಗಳೂರಿನ ಆಸ್ಪತ್ರೆಗೆ. ಆಕ್ಸಿಜನ್ ಹಾಕಿದರು. ಕಾರ್ಬನ್ ಮೊನಾಕ್ಸೈಡ್ ಎಂದರು ಡಾಕ್ಟರ್. ಅರೆಬರೆ ಉರಿದ ಗ್ಯಾಸಿನಿಂದ ಹುಟ್ಟುವ, ಬಣ್ಣವೂ ವಾಸನೆಯೂ ಇಲ್ಲದ ವಿಷಗಾಳಿ. "ಇನ್ನು ಸ್ವಲ್ಪ ತಡವಾಗಿದ್ರೆ ನನ್ನ ಕೈಲಿ ಆಗ್ತಿರ್ಲಿಲ್ಲ" ಎಂದರು.

ಶನಿವಾರದ ಗುಂಪಿಗೆ ವಿಮಲಾ ಬರಬೇಡಿ ಎಂದರು. ಬರ್ನರ್ ಶುಚಿಯಾಯಿತು, ಎತ್ತರದ ಸ್ಟ್ಯಾಂಡ್ ಬಂತು, ಗೋಡೆಗೆ ಎಕ್ಸಾಸ್ಟ್ ಫ್ಯಾನ್ ಬಂತು. ಕಡುಬಿಗೆ ಬರ್ನರಿಗೆ ಒಪ್ಪುವ ಎರಡು ಚಿಕ್ಕ ಪಾತ್ರೆಗಳು. ಹಂಡೆ ಹಿತ್ತಿಲಿನ ಸೌದೆ ಒಲೆಗೆ ಹೋಯಿತು. ಅಲ್ಲಿ ಅದು ಸರಿಯಾಗಿ ಕೂತಿತು.

ಚೇತರಿಸಿಕೊಂಡ ಸರೋಜಕ್ಕ ಕೆಲಸಕ್ಕೆ ಮರಳಿದ ದಿನ ನಾನೂ ಹೋಗಿದ್ದೆ. ಅವರು ಹೊಸ್ತಿಲಲ್ಲೇ ನಿಂತರು. "ಒಳಗೆ ಕಾಲಿಡೋಕೆ ಹೆದ್ರಿಕೆ ಆಗುತ್ತೆ ಮೇಡಂ. ಮೂವತ್ತು ವರ್ಷ ಬೆಂಕಿ ಮುಂದೆ ನಿಂತೋಳು ನಾನು."

"ನಾನೂ ಬರ್ತೀನಿ, ನಡೀರಿ."

ಒಟ್ಟಿಗೆ ಹಚ್ಚಿದೆವು. ಉರಿ ನೀಲಿಯಾಗಿ ಎದ್ದಿತು. ಅವರು ಬಹಳ ಹೊತ್ತು ಅದನ್ನೇ ನೋಡಿ, ಆಮೇಲೆ ಹಿಟ್ಟಿಗೆ ಕೈ ಹಾಕಿದರು.

ಅಡುಗೆ ಕೆಟ್ಟಿದೆ ಎಂದು ನನ್ನನ್ನು ಕರೆಯುವವರು ರುಚಿಯ ಬಗ್ಗೆಯೇ ಹೇಳುತ್ತಾರೆ. ಅಂದಿನಿಂದ ನಾನು ರುಚಿ ನೋಡುವ ಮೊದಲು, ಅಡುಗೆಯವರು ದಿನವಿಡೀ ಎಲ್ಲಿ ನಿಲ್ಲುತ್ತಾರೋ ಅಲ್ಲಿ ಹೋಗಿ ನಿಲ್ಲುತ್ತೇನೆ. ಮೈ ಹೇಗಿದೆ ಎಂದು ಅವರನ್ನು ಕೇಳುತ್ತೇನೆ. ವಯಸ್ಸಾಯ್ತಲ್ಲ ಎಂದರೆ ಇನ್ನೊಮ್ಮೆ ಕೇಳುತ್ತೇನೆ.