ಮುಂದಿನ ಸೀಟು

೧೯೭೯ರಲ್ಲಿ ಎಂಟನೇ ಇಯತ್ತೆಯನ್ನು ಅರ್ಧಕ್ಕೆ ಬಿಟ್ಟು ಹುಬ್ಬಳ್ಳಿಯಲ್ಲಿ ಲಾರಿ ಸೀಟು ಹೊಲಿಯುವ ಅಂಗಡಿ ಸೇರಿದೆ. ಓದು ತಲೆಗೆ ಹತ್ತಲಿಲ್ಲವೆಂದಲ್ಲ, ಕೆಲಸ ಕೈಗೆ ಹತ್ತಿಬಿಟ್ಟಿತ್ತು. ಆ ಕೈಯೇ ನನ್ನನ್ನು ಟೆಕ್ಸಾಸಿನವರೆಗೂ ತಂದಿತು. ಹ್ಯೂಸ್ಟನ್ ಪಕ್ಕದ ಸ್ಟಾಫರ್ಡ್‌ನಲ್ಲಿ ಕಾರಿನ ಸೀಟು ಹೊಲಿಯುವ ಅಂಗಡಿ ಈಗ ನನ್ನದೇ. ಯಾವ ಸೀಟಾದರೂ ಇರಲಿ, ಮೇಲೆ ಕೈಯಾಡಿಸಿದರೆ ಸಾಕು, ಒಳಗೆ ಏನು ತುಂಬಿದ್ದಾರೆಂದು ಹೇಳಬಲ್ಲೆ.

ಅಪಘಾತವಾದ ಕಾರುಗಳೂ ನನ್ನಲ್ಲಿಗೆ ಬರುತ್ತವೆ. ಹರಾಜಿನಲ್ಲಿ ಕೊಂಡವರು ಒಳಗಿನದನ್ನೆಲ್ಲ ಹೊಸದು ಮಾಡಿಸುತ್ತಾರೆ. ಅದರಲ್ಲಿ ಕೂತಿದ್ದವರು ಏನಾದರು ಎಂದು ನಾನು ಕೇಳುವುದಿಲ್ಲ. ಕೆಲವು ಕಲೆಗಳನ್ನು ತೊಳೆಯಲು ಹೋಗುವುದೂ ಇಲ್ಲ. ಬಟ್ಟೆ ಕಿತ್ತು, ಸುತ್ತಿ, ಎಸೆಯುತ್ತೇನೆ.

೨೦೧೬ರ ಶ್ರಾವಣದಲ್ಲಿ, ಡಾಲಸ್ ಕಡೆಯ ಮರ್ಫಿಯಲ್ಲಿರುವ ಮಗಳು ಆಫೀಸಿನ ಕೆಲಸದ ಮೇಲೆ ಆಸ್ಟಿನ್‌ಗೆ ಹೋಗಬೇಕಾಗಿ, ಮೂರು ವರ್ಷದ ಮೊಮ್ಮಗಳನ್ನು ನಮ್ಮಲ್ಲಿ ಬಿಡಲು ಬಂದಳು. ಮಗು ಅಲ್ಲಿಯವರೆಗೆ ಕೂರುತ್ತಿದ್ದದ್ದು ಕಾರಿನ ಹಿಂಬದಿಗೆ ಮುಖ ಮಾಡಿದ ಸೀಟಿನಲ್ಲಿ. ಈಗ ಅದರ ಅಳತೆ ಮೀರಿ ಬೆಳೆದಿತ್ತು. ಮುಂದಕ್ಕೆ ಮುಖ ಮಾಡುವ ಸೀಟು ನಾನೇ ಕೊಡಿಸುತ್ತೇನೆಂದು ತಾಯಿ ಮಗುವನ್ನು ಮಕ್ಕಳ ಸಾಮಾನಿನ ಅಂಗಡಿಗೆ ಕರೆದುಕೊಂಡು ಹೋದೆ.

ಒಂದೊಂದನ್ನೇ ಒತ್ತಿ ನೋಡಿದೆ, ಹೊಲಿಗೆ ತಿರುವಿದೆ, ಪಟ್ಟಿ ಜಗ್ಗಿದೆ.

“ಅಪ್ಪಾ, ಸೋಫಾ ತಗೊಳ್ಳಾಕ ಬಂದೀಯೇನು?” ಮಗಳು ನಕ್ಕಳು.

“ಸೀಟಿನ ವಿಷ್ಯ ನನಗ ಕಲಿಸಬ್ಯಾಡ.”

ನನ್ನ ಕಣ್ಣು ದಪ್ಪ ಮೆತ್ತೆಯ ಒಂದರ ಮೇಲಿತ್ತು. ಅವಳು ತೆಳುವಾದದ್ದನ್ನು ಎಳೆದುಕೊಂಡಳು. ಮಗುವಿನ ತೂಕಕ್ಕೂ ಎತ್ತರಕ್ಕೂ ಅದು ಇನ್ನೂ ವರ್ಷಗಟ್ಟಲೆ ಸಾಲುತ್ತದೆ, ಬೆಳೆದಂತೆ ಭುಜದ ಪಟ್ಟಿ ಏರಿಸಬಹುದು ಎಂದಳು. ಆಮೇಲೆ ಸೀಟಿನ ಬೆನ್ನಿಗೆ ಇಳಿಬಿದ್ದ ಉದ್ದನೆಯ ಪಟ್ಟಿಯೊಂದನ್ನು ಹಿಡಿದು ತೋರಿಸಿದಳು.

“ಇದನ್ನ ಕಾರಿನ ಹಿಂದಿನ ಸೀಟಿನ ಕೊಂಡಿಗೆ ಬಿಗೀಲಿಲ್ಲಂದ್ರ, ಗಾಡಿ ಗುದ್ದಿದಾಗ ಕೂಸಿನ ತಲಿ ಮುಂದ ಹೋಗಿ ಬಡೀತದ, ಅಪ್ಪಾ.”

ಮಗು ಆ ಪಟ್ಟಿಯ ತುದಿ ಹಿಡಿದು ಗಂಟೆಯಂತೆ ತೂಗುತ್ತಿತ್ತು. ನಾನು ತೆಳುವಾದದ್ದನ್ನೇ ಕೊಂಡೆ.

ಮನೆಗೆ ಬಂದು, ಹೆಂಡತಿಯ ಕಾರಿನ ಹಿಂಬದಿಯ ಆಸನದ ಮೇಲೆ ಮೊಣಕಾಲೂರಿ ಅದನ್ನು ಅಲುಗಾಡದಂತೆ ಬಿಗಿದೆ. ಹೊರಡುವಾಗ ಮಗಳು, ತಾಯಿಗೆ ತಿಳಿಯಲೆಂದು ಇಂಗ್ಲಿಷ್ ಬಿಟ್ಟು ಹೇಳಿದಳು: “ಅವ್ವಾ, ಇನ್ನ ಕೂಸಿಗೆ ಮುಂದಿನ ಸೀಟು. ನೆನಪಿರಲಿ.”

“ಆತು ತಗೋ,” ಎಂದಳು ಹೆಂಡತಿ. ನಾನು ಅಲ್ಲೇ ನಿಂತಿದ್ದೆ. ನನ್ನ ಕಿವಿಗೆ ಅದರಲ್ಲಿ ಯಾವ ದೋಷವೂ ಕೇಳಿಸಲಿಲ್ಲ.

ಮರುದಿನ ಶುಕ್ರವಾರ. ಅಂಗಡಿಗೆ ಒಂದು ಜಖಂ ಆದ ಕಾರು ಬಂದಿತ್ತು. ಚಾಲಕನ ಪಕ್ಕದ ಸೀಟಿನ ಎದುರು ಡ್ಯಾಶ್‌ಬೋರ್ಡ್ ಸೀಳಿ, ಏರ್‌ಬ್ಯಾಗ್ ಹೊರಗೆ ಜೋತುಬಿದ್ದಿತ್ತು. ಅದನ್ನು ಸರಿಸಿದಾಗ ಬೆರಳಿಗೆ ಬಿಳಿ ಪುಡಿ ಹತ್ತಿತು. ಹೊರಗೆ ಪಕ್ಕದೂರು ಶುಗರ್ ಲ್ಯಾಂಡ್ ದಿಕ್ಕಿನ ಆಕಾಶ ಹಾಡಹಗಲೇ ಕಪ್ಪಾಗಿತ್ತು. ಫೋನ್ ಬಂತು, ಹೆಂಡತಿಯದು.

“ಶುಗರ್ ಲ್ಯಾಂಡಿಗೆ, ಗೆಳತಿ ಮನಿಗೆ, ಅರಿಶಿಣ ಕುಂಕುಮಕ್ಕ ಹೊಂಟೀವ್ರಿ. ನಿಮ್ಮ ಮೊಮ್ಮಗಳು ರಾಣಿ ಹಂಗ ನನ್ನ ಬಾಜೂಕ ಕುಂತಾಳ.”

“ಬಾಜೂಕ ಅಂದ್ರ?”

“ಮುಂದಿನ ಸೀಟಿನ್ಯಾಗ್ರಿ. ಮಗಳು ಅಷ್ಟು ಹೇಳಿದ್ರೂ ನೀವು ಮರ್ತು ಹಿಂದ ಹಾಕಿದ್ರಿ. ನಾನ ಬಿಚ್ಚಿ ಮುಂದ ಹಾಕೀನಿ. ಆ ಉದ್ದನ್ನ ಪಟ್ಟಿಗೆ ಇಲ್ಲಿ ಕೊಂಡಿ ಸಿಗಲಿಲ್ಲ, ಹಂಗ ಜೋತಾಡಾಕ ಬಿಟ್ಟೀನಿ.”

“ಗಾಡಿ ನಿಲ್ಲಸು! ಅಲ್ಲೇ ನಿಲ್ಲಸು!”

“ಏನಂದ್ರಿ? ಕೇಳವಲ್ದು. ಮಳಿ ಬಂತು, ಸಿಗ್ನಲ್ಲೂ ಬಿಡ್ತು, ಇಡ್ತೀನ್ರಿ.”

ಮತ್ತೆ ಮತ್ತೆ ಫೋನ್ ಮಾಡಿದೆ. ಎತ್ತಲಿಲ್ಲ. ಗಾಡಿ ಓಡಿಸುವಾಗ ಫೋನ್ ಮುಟ್ಟಬೇಡವೆಂದು ಕಲಿಸಿದವನು ನಾನೇ.

ಅಂಗಡಿಗೆ ಬೀಗ ಹಾಕದೆ ಹೊರಟೆ. ಮಳೆ ಗಾಜಿನ ಮೇಲೆ ಕೊಡದಿಂದ ಸುರಿದಂತೆ ಬೀಳುತ್ತಿತ್ತು. ಹಿಂದಿನಿಂದ ಆಂಬುಲೆನ್ಸ್ ಕೂಗುತ್ತ ಬಂದು ನನ್ನನ್ನು ದಾಟಿ ಅದೇ ದಾರಿ ಹಿಡಿಯಿತು. ಸ್ವಲ್ಪ ಮುಂದೆ ಕಾರುಗಳೆಲ್ಲ ತೆವಳತೊಡಗಿದವು. ತಡೆಗೋಡೆಗೆ ಮೂತಿ ಒತ್ತಿಕೊಂಡು ಬೂದು ಬಣ್ಣದ ಕಾರೊಂದು ಅಡ್ಡ ನಿಂತಿತ್ತು. ನಮ್ಮದೂ ಬೂದು. ಸ್ಟೀರಿಂಗ್ ಹಿಡಿದ ನನ್ನ ಬೆರಳುಗಳಲ್ಲಿ ಆ ಬಿಳಿ ಪುಡಿ ಇನ್ನೂ ಹಾಗೇ ಇತ್ತು. ಹತ್ತಿರ ಬಂದಾಗ ನಂಬರ್ ಬೇರೆ ಎಂದು ಕಂಡಿತು. ದೇವರ ದಯೆ ಎನ್ನಲು ನಾಲಿಗೆ ಏಳಲಿಲ್ಲ. ಅದರೊಳಗೂ ಯಾರೋ ಇದ್ದರಲ್ಲ.

ಗೆಳತಿಯ ಮನೆಯ ಮುಂದೆ ನಮ್ಮ ಕಾರು ನಿಂತಿತ್ತು. ಕಿಟಕಿಯಲ್ಲಿ ಇಣುಕಿದೆ. ಮುಂದಿನ ಆಸನದ ಮೇಲೆ ಮಗುವಿನ ಸೀಟು ಖಾಲಿ. ಉದ್ದನೆಯ ಪಟ್ಟಿ ಕೆಳಗೆ ಜೋತಾಡುತ್ತಿತ್ತು. ಬಾಗಿಲು ಬಡಿದೆ. ತೆರೆದವಳು ನನ್ನ ಹೆಂಡತಿ.

“ಯಾಕ್ರಿ, ಮುಖ ಹಿಂಗಾಗೇತಿ? ಗಂಡಸರಿಗೆ ಕುಂಕುಮ ಇಲ್ರಿ ಇಲ್ಲಿ.”

ಮಗಳು ಅಂದದ್ದು ಮುಂದಕ್ಕೆ ಮುಖ ಮಾಡುವ ಸೀಟು, ಮುಂದುಗಡೆ ಕೂರಿಸುವುದಲ್ಲ ಎಂದು ಹೇಳಿದೆ. ಏರ್‌ಬ್ಯಾಗ್ ಸಿಡಿದರೆ ಕೂಸಿಗೇ ಬಡಿಯುತ್ತದೆ ಎಂದಾಗ ಅವಳ ನಗು ನಿಂತಿತು. “ಮುಂದಿನ ಸೀಟು ಅಂದ್ರ ಮುಂದಿನ ಸೀಟ ಅಲ್ಲೇನ್ರಿ?” ಎಂದು ಮೆಲ್ಲಗೆ ಕೇಳಿದಳು.

ಅಷ್ಟರಲ್ಲಿ ಮೊಮ್ಮಗಳು ಓಡಿಬಂದು ನನ್ನ ಕಾಲು ತಬ್ಬಿಕೊಂಡಳು. ಗದ್ದದ ಮೇಲೆಲ್ಲ ಕುಂಕುಮ, ಕೆಂಪಗೆ. “ಅಜ್ಜಾ, ಐ ಸ್ಯಾಟ್ ಇನ್ ದ ಫ್ರಂಟ್!”

ನಾನು ಮೊದಲು ಅಂಗಿಯ ತುದಿಯಿಂದ ಆ ಕೆಂಪನ್ನು ಒರೆಸಿದೆ. ಆಮೇಲೆ ಮಳೆಯಲ್ಲೇ ಹೋಗಿ ಸೀಟು ಬಿಚ್ಚಿ, ಹಿಂದಿನ ಆಸನಕ್ಕೆ ಹಾಕಿ, ಕೊಂಡಿ ಬಿಗಿದೆ.

ಆ ದಿನದಿಂದ ಆಗಾಗ ಎಣಿಸಿಕೊಳ್ಳುತ್ತೇನೆ, ಈಗ ನನ್ನ ಬಳಿ ಇರುವುದು ಒಂದು ಅಂಗಡಿ, ಮೂರು ಹೊಲಿಗೆ ಯಂತ್ರ, ಎರಡು ಕಾರು, ಹೆಂಡತಿ, ಒಬ್ಬಳು ಮಗಳು, ಒಬ್ಬಳು ಮೊಮ್ಮಗಳು.