ಎರಡು ದಿನ ಓಡಿದ ಮೋಟಾರು

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಆ ಊರಿನಲ್ಲಿ ಯಾವ ಸಮಾರಂಭವಾದರೂ ಮೈಕು ಹಿಡಿಯುತ್ತಿದ್ದವನು ದೇವರಾಜ್. ಐವತ್ತೆರಡು ವರ್ಷದ ಆಸಾಮಿ. ಬಾಶೆಟ್ಟಿಹಳ್ಳಿಯ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಹಾಜರಿ ನೋಡುವ ಕೆಲಸ. ಬೆಳಿಗ್ಗೆ ಬೈಕಿನಲ್ಲಿ ಹೋದರೆ ಸಂಜೆಗೆ ವಾಪಸ್ಸು. ಶಾಲೆಯ ವಾರ್ಷಿಕೋತ್ಸವ, ಹಾಲಿನ ಡೇರಿಯ ಸಭೆ, ಮೇಷ್ಟರ ಬೀಳ್ಕೊಡುಗೆ, ಎಲ್ಲಕ್ಕೂ ಅವನೇ ನಿರೂಪಕ. ದನಿ ಚೆನ್ನಾಗಿತ್ತು. ಹಳೆಯ ಕಾಲದ ಮಾತನ್ನಂತೂ ಅವನ ಬಾಯಲ್ಲೇ ಕೇಳಬೇಕು. ‘ನಾವು ಚಿಕ್ಕೋರಿದ್ದಾಗ’ ಎಂದು ಅವನು ಶುರು ಮಾಡಿದರೆ ಮುದುಕರು ತಲೆದೂಗುತ್ತಿದ್ದರು, ಹುಡುಗರು ಫೋನು ಕೆಳಗಿಟ್ಟು ಕೇಳುತ್ತಿದ್ದರು. ಹೇಳುವಾಗ ಅವನಿಗೇ ಕಣ್ಣು ತೇವವಾಗುತ್ತಿತ್ತು.

ಕಳೆದ ಏಪ್ರಿಲಿನಲ್ಲಿ ಊರು ಕೆಟ್ಟಿತು. ಬಸ್ ಸ್ಟಾಪಿನ ಬಳಿ ಕಾಲೋನಿಯ ಹುಡುಗರು ಜಯಂತಿಗೆಂದು ಕಟ್ಟಿದ್ದ ಫ್ಲೆಕ್ಸನ್ನು ಯಾರೋ ಹರಿದು ಹಾಕಿದ್ದರು. ಯಾರು ಹರಿದರೆಂದು ಯಾರೂ ಬಾಯಿ ಬಿಡಲಿಲ್ಲ. ಮಾತಿಗೆ ಮಾತು ಬೆಳೆದು ಕಲ್ಲು ಹಾರಿದವು. ಎರಡು ಬೈಕು ಪುಡಿಯಾದವು. ಕಾಲೋನಿಯ ಹುಡುಗನೊಬ್ಬನ ತಲೆಗೆ ಆರು ಹೊಲಿಗೆ ಬಿದ್ದವು. ಅರಳಿಕಟ್ಟೆಯ ಪಕ್ಕ ಪೊಲೀಸ್ ವ್ಯಾನು ವಾರವಿಡೀ ನಿಂತಿತು. ಸರ್ಕಾರದ ಭೂಸ್ವಾಧೀನದಿಂದ ಜಮೀನು ಉಳಿಸಿಕೊಳ್ಳಲೆಂದು ಎರಡು ಕಡೆಯವರೂ ತಿಂಗಳುಗಟ್ಟಲೆ ಒಂದೇ ಶಾಮಿಯಾನದ ಕೆಳಗೆ ಧರಣಿ ಕೂತಿದ್ದ ಊರು ಅದು. ಈಗ ಡೇರಿಗೆ ಹಾಲು ತಂದವರು ಒಬ್ಬರ ಮುಖ ಒಬ್ಬರು ನೋಡದೆ ಕ್ಯಾನು ಎತ್ತಿಕೊಂಡು ಹೋಗುತ್ತಿದ್ದರು. ದೇವರಾಜನ ಮಗ ಮಂಜೇಶನನ್ನೂ ಠಾಣೆಗೆ ಕರೆಸಿ, ವಿಚಾರಿಸಿ ಕಳಿಸಿದ್ದರು.

ಅಧಿಕಾರಿಗಳು ಶಾಲೆಯ ಬಯಲಿನಲ್ಲಿ ಶಾಂತಿ ಸಭೆ ಕರೆದರು. ಎಂದಿನಂತೆ ಮೈಕು ದೇವರಾಜನ ಕೈಗೆ ಬಂತು.

“ಎಂಬತ್ಮೂರನೇ ಇಸವಿ ಬೇಸಿಗೆ ರಜೆ,” ಎಂದು ಅವನು ಶುರು ಮಾಡಿದ. “ನಮ್ಮ ತೋಟದ ಬಾವಿ ಮೋಟಾರು ಎರಡು ದಿನ ಓಡ್ತು ಕಣ್ರಪ್ಪಾ. ಕರೆಂಟು ಹೋದಾಗ ಬಿಟ್ರೆ ನಿಲ್ಲಿಸ್ಲೇ ಇಲ್ಲ. ತೊಟ್ಟಿ ತುಂಬಿ, ಕಾಲುವೆ ತುಂಬಿ, ಬಂಡಿ ಜಾಡಿನ ತುಂಬಾ ನೀರು. ಊರ ಮಕ್ಕಳೆಲ್ಲ ಅದ್ರಲ್ಲಿ ಬಿದ್ದು ಹೊರಳಾಡಿದ್ವಿ. ಮೂರನೇ ದಿನ ಬಾವಿ ಹತ್ರ ಗಂಗೆ ಪೂಜೆ ಮಾಡಿ ತಂಬಿಟ್ಟು ಹಂಚಿದ್ರು. ಯಾವ ಜಾತಿ, ಯಾವ ಕೇರಿ ಅಂತ ಯಾರಾದ್ರೂ ಕೇಳಿದ್ರಾ ಅವತ್ತು? ಅಂಥಾ ಊರು ಇದು. ಇವತ್ತು ಒಂದು ಫ್ಲೆಕ್ಸಿಗೆ ಹೊಡೆದಾಡ್ತಾ ಇದ್ದೀವಿ.”

ಚಪ್ಪಾಳೆ ಬಿತ್ತು. ಚಪ್ಪಾಳೆ ನಿಂತ ಮೇಲೆ ಹಿಂದಿನ ಸಾಲಿನಿಂದ ಸಿದ್ದರಾಜು ಎದ್ದು ನಿಂತ. ಅವನೂ ದೇವರಾಜನೂ ಒಂದೇ ತರಗತಿಯಲ್ಲಿ ಓದಿದವರು. ಈಗ ಅವನು ಲೈನ್‌ಮ್ಯಾನ್, ಕಾಲೋನಿಯಲ್ಲಿ ಮನೆ. ಸಭೆಯಲ್ಲಿ ಎಂದೂ ಮಾತಾಡಿದವನಲ್ಲ.

“ಮೋಟಾರು ಯಾಕೆ ಓಡ್ತು ಅಂತ ಹೇಳ್ಲಿಲ್ವಲ್ಲ, ದೇವರಾಜ,” ಎಂದ.

“ಹೂಳು ತೆಗೆಯಕ್ಕೆ ಇರ್ಬೇಕು ಕಣೋ. ಅದೆಲ್ಲ ಎಲ್ಲಿ ನೆನಪಿರ್ತದೆ?”

“ಹೂಳಲ್ಲ. ಬಾವಿಗೆ ನಾನು ಇಳ್ದಿದ್ದೆ. ನೀರು ಮೈಲಿಗೆ ಆಯ್ತು ಅಂತ ಬಾವೀನೇ ಬರಿದು ಮಾಡಿಸಿದ್ರು ನಿಮ್ಮಪ್ಪ.” ಸಿದ್ದರಾಜುವಿನ ದನಿ ಏರಲಿಲ್ಲ. “ನೀನು ಹೇಳಿದ ಆ ಕಾಲುವೇಲಿ ನಮ್ಮ ಕಡೆ ಮಗು ಒಂದೂ ಇರ್ಲಿಲ್ಲ. ನಾನು ಬೆನ್ನು ತುಂಬಾ ಬಾಸುಂಡೆ ಎಬ್ಬಿಸ್ಕೊಂಡು ಮನೇಲಿ ಬೋರಲು ಬಿದ್ದಿದ್ದೆ.”

ಅಧಿಕಾರಿಯೊಬ್ಬರು “ಹಳೇದೆಲ್ಲ ಈಗ ಬೇಡ ಬಿಡಿ” ಎಂದು ಮುಂದಿನವರ ಹೆಸರು ಕೂಗಿದರು. ದೇವರಾಜನ ಕೈಯಲ್ಲಿ ಮೈಕು ಇನ್ನೂ ಇತ್ತು. ಅದನ್ನು ಯಾರಿಗೆ ಕೊಟ್ಟನೆಂಬುದು ಅವನಿಗೆ ಆಮೇಲೆ ನೆನಪಾಗಲಿಲ್ಲ.

ಮಾರನೆಯ ದಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಜೊತೆಯವನೊಬ್ಬ ಬೆನ್ನು ತಟ್ಟಿದ. “ಏನ್ ಮಾತಾಡಿದ್ದೀಯ ಗುರೂ, ಸೂಪರ್!” ಫೋನು ತೆರೆದು ತೋರಿಸಿದ. ಯಾರೋ ಸಭೆಯ ವಿಡಿಯೋ ಮಾಡಿ, ಸಿದ್ದರಾಜು ಎದ್ದು ನಿಲ್ಲುವ ಮುಂಚೆಯೇ ಕತ್ತರಿಸಿ ಹರಿಬಿಟ್ಟಿದ್ದರು. ಕೆಳಗೊಂದು ಸಾಲು: ‘ಆಗ ಎಲ್ಲ ಚೆನ್ನಾಗಿತ್ತು. ಈಗ ಊರು ಕೆಡಿಸ್ತಿರೋರು ಯಾರು, ನೀವೇ ಯೋಚಿಸಿ.’ ಮೊದಲು ಕಳಿಸಿದವರಲ್ಲಿ ಮಂಜೇಶನ ಹೆಸರೂ ಇತ್ತು. ದೇವರಾಜ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ತನ್ನ ಮಾತನ್ನೇ ಕಲ್ಲು ಮಾಡಿ ಬೀಸಿದ್ದರು, ಅದೂ ಆ ಬಾವಿಯ ಕಾರಣಕ್ಕೆ ಪೆಟ್ಟು ತಿಂದವನ ಮೇಲೆ.

ಸಂಜೆ ಮನೆಗೆ ಬಂದವನೇ ಅಪ್ಪನ ಮಂಚದ ಬಳಿ ಕೂತ. ರಾಮಾಂಜಿನಪ್ಪನಿಗೆ ಎಂಬತ್ತು ದಾಟಿತ್ತು. ಕಿವಿ ಮಂದ, ನೆನಪು ಮಾತ್ರ ಗಟ್ಟಿ.

“ಅಪ್ಪಾ, ಆ ವರ್ಷ ಬಾವಿ ಖಾಲಿ ಮಾಡಿಸಿದ್ದು ಸಿದ್ದರಾಜು ಇಳ್ದಿದ್ದಕ್ಕಾ?”

“ಹೂಂ, ಶುದ್ಧಿ ಮಾಡಿಸ್ದೆ. ಅವತ್ತು ಎಲ್ರೂ ಮಾಡ್ಸೋರು. ಅದಕ್ಕೇನೀಗ?”

“ಅವನಿಗೆ ಹೊಡ್ದೋರು ಯಾರು?”

“ನಾವ್ಯಾಕೆ ಮುಟ್ಟಾನ? ಅವರಪ್ಪ ವೆಂಕಟರಮಣಪ್ಪನ ಕೈಲೇ ಹೊಡೆಸ್ದೆ. ಹಿಪ್ಪುನೇರಳೆ ಕಡ್ಡೀಲಿ. ನಾನು ಸಾಕು ಅನ್ನೋಗಂಟ ಹೊಡ್ದ.” ಮುದುಕ ಮಗನ ಕಡೆ ತಿರುಗಿದ. “ಈಗ ಸಭೇಲಿ ಅವಮಾನ ಆಯ್ತು ಅಂತ ನನ್ನ ಕೇಳ್ತಿದ್ದೀಯಾ? ಆ ಹುಡುಗ ಇಳ್ದಿದ್ದು ನನಗೆ ಹೆಂಗೆ ಗೊತ್ತಾಯ್ತು ಅಂದ್ಕೊಂಡೆ? ನೀನೇ ಬಂದು ಹೇಳ್ದೆ.”

ದೇವರಾಜ್ ಎದ್ದು ಹಿತ್ತಲಿಗೆ ಹೋದ. ಇಷ್ಟು ವರ್ಷ ಮುಚ್ಚಿಕೊಂಡಿದ್ದದ್ದು ಒಂದೊಂದಾಗಿ ಎದ್ದು ಬಂತು. ಮಧ್ಯಾಹ್ನದ ಬಿಸಿಲು. ಬಾವಿಗೆ ಒಬ್ಬನೇ ಇಳಿದರೆ ಕಾಲು ಮುರಿಯುತ್ತೇನೆ ಎಂದು ಅಪ್ಪ ಗದರಿಸಿದ್ದ. ತೋಟದ ಬದುವಿನಲ್ಲಿ ಮೇಕೆ ಕಾಯುತ್ತಿದ್ದ ಸಿದ್ದರಾಜುವನ್ನು ಕೂಗಿ ಕರೆದವನು ತಾನೇ. ‘ಯಾರಾದ್ರೂ ನೋಡಿದ್ರೆ?’ ಎಂದು ಅವನು ಹಿಂಜರಿದಾಗ ‘ಯಾರೂ ಬರಲ್ಲ ಬಾರೋ’ ಎಂದು ಕೈ ಹಿಡಿದು ಎಳೆದವನೂ ತಾನೇ. ಮನೆಗೆ ಬಂದಾಗ ಅಮ್ಮ ಒದ್ದೆ ತಲೆ ಮುಟ್ಟಿ ನೋಡಿ ‘ಒಬ್ಬನೇ ಇಳಿದ್ಯೇನೋ?’ ಎಂದಿದ್ದಳು. ಒಳಗಿನಿಂದ ಅಪ್ಪ ಎದ್ದು ಬಂದಿದ್ದ. ಹತ್ತು ವರ್ಷದ ದೇವರಾಜ್ ಏಟು ತಪ್ಪಿಸಿಕೊಳ್ಳಲು ಹೇಳಿದ್ದು ಒಂದೇ ಮಾತು: ‘ಒಬ್ಬನೇ ಅಲ್ಲ, ಸಿದ್ದರಾಜು ಜೊತೇಲಿದ್ದ.’

ಭಾನುವಾರ ಬೆಳಿಗ್ಗೆ ಅವನು ಕಾಲೋನಿಗೆ ಹೋದ. ಐವತ್ತು ವರ್ಷದಲ್ಲಿ ಆ ಬೀದಿಗೆ ಅವನು ಹೋಗಿದ್ದು ಓಟು ಕೇಳುವವರ ಜೊತೆಗೆ ಮಾತ್ರ ಎಂಬುದು ದಾರಿಯಲ್ಲಿ ಹೊಳೆಯಿತು. ಸಿದ್ದರಾಜು ಜಗಲಿಯ ಮೇಲೆ ಪೇಪರು ಓದುತ್ತಿದ್ದ. ದೇವನಹಳ್ಳಿ ಕೋರ್ಟಿನಲ್ಲಿ ವಕೀಲಿಕೆ ಮಾಡುತ್ತಿದ್ದ ಮಗಳು ಪ್ರಮೋದಾ ಕುರ್ಚಿ ತಂದು ಹಾಕಿದಳು.

“ತಪ್ಪಾಯ್ತು ಕಣೋ,” ಎಂದ ದೇವರಾಜ್. “ನಮ್ಮಪ್ಪ ಮಾಡಿದ್ದು ತಪ್ಪು. ನಾನು ಸಭೇಲಿ ಹಂಗೆ ಮಾತಾಡಿದ್ದೂ ತಪ್ಪು. ಮನಸ್ಸಿಗೆ ತಗೋಬೇಡ.”

ಸಿದ್ದರಾಜು ಪೇಪರು ಮಡಿಸಿದ. “ನೀನು ಸುಳ್ಳು ಹೇಳಿದ್ದು ಇನ್ನೂರು ಜನರ ಮುಂದೆ. ತಪ್ಪಾಯ್ತು ಅನ್ನಕ್ಕೆ ನನ್ನ ಜಗಲಿಗೆ ಬಂದಿದ್ದೀಯ. ಆ ವಿಡಿಯೋ ನಮ್ಮ ಹುಡುಗರೂ ನೋಡ್ತವ್ರೆ, ದೇವರಾಜ. ಅಲ್ಲಿ ಹೇಳಿದ್ದನ್ನ ಅಲ್ಲೇ ತಿದ್ದು.”

“ಮುಂದಿನ ವಾರ ಎರಡನೇ ಸಭೆ ಇದೆ ಅಂಕಲ್,” ಎಂದಳು ಪ್ರಮೋದಾ.

ದೇವರಾಜ್ ಆ ಸಭೆಯಲ್ಲಿ ಎದ್ದು ನಿಂತ. ಬಾವಿ ಬರಿದು ಮಾಡಿಸಿದ್ದು ಯಾಕೆಂದು ಹೇಳಿದ. ತನ್ನ ಅಪ್ಪನ ಹೆಸರು ಹೇಳಿದ. ತಂದೆಯ ಕೈಯಿಂದಲೇ ಮಗನನ್ನು ಹೊಡೆಸಿದ್ದನ್ನು ಹೇಳಿದ. ಮುಂದಿನ ಸಾಲಿನಲ್ಲಿದ್ದ ಅವನ ಕಡೆಯ ಹಿರಿಯರಿಬ್ಬರು ಟವೆಲ್ಲು ಕೊಡವಿ ಎದ್ದು ಹೋದರು. “ನಾನು ಆಡಿಕೊಂಡಿದ್ದ ನೀರು ಅದು. ನನ್ನ ಬಾಲ್ಯದ ಸಂತೋಷ ಅಂತ ನಿಮ್ಮ ಮುಂದೆ ಹೇಳಿದ್ದು ಇವರ ಮನೆ ದುಃಖ,” ಎಂದ. ಅಲ್ಲಿಯವರೆಗೆ ಮಾತು ಸರಿಯಾಗಿಯೇ ಬಂತು. “ಸಿದ್ದರಾಜು ಬಾವಿಗೆ ಇಳ್ದಿದ್ದನ್ನ ನಮ್ಮಪ್ಪನಿಗೆ...” ಎಂದವನು ತಡವರಿಸಿದ. “...ಯಾರೋ ಹೇಳಿದ್ರು.”

ಆ ಮಾತು ತಾನಾಗಿಯೇ ಬಾಯಿಂದ ಜಾರಿತ್ತು. ಹಿಂದಿನ ಸಾಲಿನಲ್ಲಿ ಸಿದ್ದರಾಜು ತಲೆ ತಗ್ಗಿಸಿದ.

ಅವನ ಕಡೆಯವರು ಕೆಲವರು ಮಾತು ಬಿಟ್ಟರು. ರಾಮಾಂಜಿನಪ್ಪ ಸುದ್ದಿ ಕೇಳಿ, ಅಂದಿನಿಂದ ಮಗ ತಂದಿಟ್ಟ ಊಟವನ್ನು ಮುಖ ತಿರುಗಿಸಿಕೊಂಡೇ ಉಂಡ. ಅದನ್ನೆಲ್ಲ ದೇವರಾಜ್ ತಡೆದುಕೊಂಡಾನು. ತಡೆಯಲಾಗದ್ದು ಹೊಗಳಿಕೆ. ಕಾಲೋನಿಯ ಹುಡುಗರು ದಾರಿಯಲ್ಲಿ ನಿಲ್ಲಿಸಿ ಕೈ ಕುಲುಕಿದರು. ‘ಇಷ್ಟು ಧೈರ್ಯ ಯಾರಿಗೂ ಇರಲ್ಲ ಅಂಕಲ್’ ಎಂದು ಪ್ರಮೋದಾ ಮೆಸೇಜು ಕಳಿಸಿದಳು. ಅವನು ಅದನ್ನು ಓದಿ ಫೋನು ಮಗುಚಿಟ್ಟ. ಸಭೆಯಲ್ಲಿ ಅಪ್ಪನ ತಪ್ಪನ್ನು ಮುಂದಿಟ್ಟು ತಾನು ಅವನ ಬೆನ್ನ ಹಿಂದೆ ಅಡಗಿದ್ದ. ಹತ್ತು ವರ್ಷದವನಿದ್ದಾಗ ಅಡಗಿದ್ದೂ ಹೀಗೆಯೇ ಇನ್ನೊಬ್ಬನ ಹಿಂದೆ.

ನಾಲ್ಕು ದಿನ ಕಳೆದ ಮೇಲೆ ಡ್ಯೂಟಿಗೆ ಹೊರಟವನಿಗೆ ದೇವನಹಳ್ಳಿ ಕಡೆಯ ರಸ್ತೆಯಲ್ಲಿ ಸಿದ್ದರಾಜು ಕಂಡ. ಟ್ರಾನ್ಸ್‌ಫಾರ್ಮರಿನ ಫ್ಯೂಸು ಹಾಕಿ ಕೈ ಒರೆಸಿಕೊಳ್ಳುತ್ತಿದ್ದ. ದೇವರಾಜ್ ಬೈಕು ನಿಲ್ಲಿಸಿ ಹೆಲ್ಮೆಟ್ಟು ತೆಗೆದ.

“ಸಿದ್ದರಾಜು, ಅವತ್ತು ಹೇಳ್ದೋನು ಯಾರೋ ಅಲ್ಲ. ನಾನು.”

“ಗೊತ್ತು.”

“ಯಾವಾಗಿಂದ?”

“ಬಾವಿ ಹತ್ರ ಇದ್ದೋರು ಇಬ್ರೇ ಕಣೋ,” ಎಂದ ಸಿದ್ದರಾಜು. “ನಾನು ಹೇಳ್ಲಿಲ್ಲ. ಇನ್ಯಾರು ಹೇಳಿರ್ತಾರೆ?”

ದೇವರಾಜ್ ಬೈಕಿನಿಂದ ಇಳಿದು ಅವನ ಮುಖ ನೋಡಿದ. ನಲವತ್ತೆರಡು ವರ್ಷ ಇವನು ಎದುರು ಸಿಕ್ಕಾಗಲೆಲ್ಲ ‘ಏನಪ್ಪಾ, ಚೆನ್ನಾಗಿದ್ದೀಯಾ’ ಎಂದು ಕೇಳಿದ್ದ. ತನ್ನ ಮದುವೆಗೆ ಬಂದು ಊಟ ಮಾಡಿ ಹೋಗಿದ್ದ. ಮನೆಯ ಮೀಟರು ಸುಟ್ಟಾಗ ಮಳೆಯಲ್ಲೇ ಬಂದು ಸರಿಮಾಡಿದ್ದ. ಎಲ್ಲವನ್ನೂ ಗೊತ್ತಿದ್ದುಕೊಂಡೇ ಮಾಡಿದ್ದ.

“ಹತ್ತು ವರ್ಷದ ಹುಡುಗ ಹೆದರ್ಕೊಂಡು ಹೇಳಿದ್ದು. ಅದನ್ನ ನಾನು ಯಾವತ್ತೋ ಬಿಟ್ಟೆ,” ಎಂದ ಸಿದ್ದರಾಜು. “ನಮ್ಮಪ್ಪ ಸಾಯೋ ಮುಂಚೆ ನನ್ನ ಬೆನ್ನು ಮುಟ್ಟಿ ಮುಟ್ಟಿ ನೋಡ್ತಿದ್ದ. ಅದನ್ನ ಬಿಡಕ್ಕೆ ಆಗಿಲ್ಲ. ಮೊನ್ನೆ ಸಭೇಲಿ ‘ಯಾರೋ ಹೇಳಿದ್ರು’ ಅಂದ್ಯಲ್ಲ, ಅದು ಹತ್ತು ವರ್ಷದೋನು ಹೇಳಿದ್ದಲ್ಲ.” ಚೀಲವನ್ನು ಹೆಗಲಿಗೆ ಏರಿಸಿಕೊಂಡು ಮುಂದಿನ ಕಂಬದ ಕಡೆ ನಡೆದ.

ದೇವರಾಜ್ ಅಂದು ಡ್ಯೂಟಿಗೆ ಹೋಗಲಿಲ್ಲ. ರಸ್ತೆಯ ಪಕ್ಕದ ಹೊಂಗೆ ಮರದ ಕೆಳಗೆ ನಿಂತು ಊರಿನ ವಾಟ್ಸಾಪ್ ಗ್ರೂಪಿಗೆ ಧ್ವನಿ ಸಂದೇಶ ಕಳಿಸಿದ. ಬಾವಿಗೆ ಕರೆದವನು ನಾನು, ಅಪ್ಪನಿಗೆ ಹೇಳಿದವನು ನಾನು, ಸಭೆಯಲ್ಲಿ ಮುಚ್ಚಿಟ್ಟವನೂ ನಾನು. ಒಂದು ನಿಮಿಷವೂ ಆಗಲಿಲ್ಲ. ಮಧ್ಯಾಹ್ನದೊಳಗೆ ಎಂಟು ಜನ ಗ್ರೂಪು ಬಿಟ್ಟಿದ್ದರು. ಹೊಗಳಿದವರು ಯಾರೂ ಇರಲಿಲ್ಲ. ಅವನಿಗೆ ಉಸಿರು ಸ್ವಲ್ಪ ಹಗುರಾದದ್ದು ಅದರಿಂದಲೇ.

ಸಂಜೆ ಮಂಜೇಶ ಹಿತ್ತಲಿಗೆ ಬಂದ. ದೇವರಾಜ್ ಹಸುವಿಗೆ ಹುಲ್ಲು ಹಾಕುತ್ತಿದ್ದ.

“ಅಪ್ಪಾ, ಆ ಮೆಸೇಜು ಡಿಲೀಟ್ ಮಾಡು. ಎಲ್ಲಾ ನಗ್ತವ್ರೆ.”

“ನಗ್ಲಿ.”

ಮಂಜೇಶ ಗೋಡೆಗೆ ಒರಗಿ ನಿಂತ. “ತಾತ ನಿಜವಾಗ್ಲೂ ಅವರಪ್ಪನ ಕೈಲೇ ಹೊಡೆಸಿದ್ರಾ?”

“ಹೂಂ.”

“ನೀನು ಎಲ್ಲಿದ್ದೆ?”

“ಅಲ್ಲೇ. ಅಮ್ಮನ ಸೆರಗು ಹಿಡ್ಕೊಂಡು ನಿಂತಿದ್ದೆ. ತಾತ ಹೇಳೋವರ್ಗೂ ಅದೂ ಮರ್ತೋಗಿತ್ತು. ಅಳು ಬರ್ಲಿಲ್ಲ ಕಣೋ. ಏಟು ನನಗೆ ಬೀಳ್ಲಿಲ್ವಲ್ಲ ಅಂತ ಸಮಾಧಾನ ಆಗಿತ್ತು.” ಹೀಗೆ ಹೇಳಿದ ಮೇಲೆ ಮಗನ ಮುಖ ನೋಡಲು ಅವನಿಗೆ ಧೈರ್ಯವಾಗಲಿಲ್ಲ.

ಮಂಜೇಶ ತಗ್ಗಿದ ದನಿಯಲ್ಲಿ ಅಂದ: “ಫ್ಲೆಕ್ಸ್ ಹರ್ದಿದ್ದು ನಾನು ಅಪ್ಪಾ. ಜೊತೆಗೆ ಇಬ್ರು ಇದ್ರು. ಬ್ಲೇಡು ನನ್ನ ಕೈಲಿತ್ತು.”

‘ಯಾರಿಗೂ ಹೇಳ್ಬೇಡ’ ಎಂಬ ಮಾತು ದೇವರಾಜನ ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು. ಬೆಳಿಗ್ಗೆ ಅಷ್ಟೆಲ್ಲ ಹೇಳಿಕೊಂಡವನಿಗೆ ಸಂಜೆಗೆ ಮೊದಲು ಬಂದ ಮಾತು ಇದು. ಬದುಕಿನಲ್ಲಿ ಅವನಿಗೆ ಅಷ್ಟು ನಾಚಿಕೆಯಾದದ್ದು ಇನ್ನೊಂದಿಲ್ಲ. ಕೈಯಲ್ಲಿದ್ದ ಹುಲ್ಲನ್ನು ಕೆಳಗೆ ಹಾಕಿದ.

“ಚಪ್ಪಲಿ ಮೆಟ್ಕೊ,” ಎಂದ. “ಪ್ರಮೋದಾ ಮನೇಲಿರ್ತಾಳೆ. ನೀನೇ ಹೇಳ್ಬೇಕು. ನಾನು ಪಕ್ಕದಲ್ಲಿರ್ತೀನಿ.”

ಪ್ರಮೋದಾ ಪೂರ್ತಿ ಕೇಳಿಸಿಕೊಂಡಳು. ಸಮಾಧಾನದ ಮಾತು ಆಡಲಿಲ್ಲ. ನಾಳೆ ಠಾಣೆಗೆ ಹೋಗಿ ಹೇಳಿಕೆ ಕೊಡು ಎಂದಳು ಅಷ್ಟೇ. ಮಂಜೇಶ ಕೊಟ್ಟ. ಅವನ ಮೇಲೆ ಕೇಸಾಯಿತು. ಅರಳಿಕಟ್ಟೆಯ ಬಳಿ ಎರಡೂ ಕಡೆಯ ಹುಡುಗರು ಮತ್ತೆ ಮಾತಾಡುವಂತಾಗಲು ಮಳೆಗಾಲ ಕಳೆಯಬೇಕಾಯಿತು. ಕೆಲವರು ಈಗಲೂ ಆಡುವುದಿಲ್ಲ. ಕೇಸಿನ ದಿನ ದೇವರಾಜ್ ರಜೆ ಹಾಕಿ ಮಗನ ಜೊತೆ ದೇವನಹಳ್ಳಿ ಕೋರ್ಟಿನ ಹೊರಗೆ ಬೆಂಚಿನ ಮೇಲೆ ಕೂರುತ್ತಾನೆ. ಮಗಳನ್ನು ಬಿಡಲು ಬಂದ ಸಿದ್ದರಾಜು ಒಮ್ಮೊಮ್ಮೆ ತಲೆಯಾಡಿಸುತ್ತಾನೆ, ಒಮ್ಮೊಮ್ಮೆ ನೋಡದವನಂತೆ ಹೋಗುತ್ತಾನೆ. ದೇವರಾಜ್ ಪ್ರತಿ ಸಲವೂ ಎದ್ದು ನಿಲ್ಲುತ್ತಾನೆ.