ಜಗಲಿಯಲ್ಲಿ ಕೂತ ಮೇಡಂ

ನಮ್ಮ ಮನೆಗೆ ಬರುವಾಗ ಮೇಡಂ ಬಸ್ ಟಿಕೆಟ್ಟನ್ನು ಮಡಿಸಿ ವಾಚಿನ ಪಟ್ಟಿಯ ಕೆಳಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಬೆವರಿಗೆ ಅದರ ಮಸಿ ಮಣಿಕಟ್ಟಿಗೆ ಅಂಟಿ ಹಚ್ಚೆಯ ಹಾಗೆ ಕಾಣುತ್ತಿತ್ತು.

ಅಣ್ಣ ಆಗ ಬಿಡದಿಯ ಕಾರ್ಖಾನೆಯೊಂದರಲ್ಲಿದ್ದ. ಪಕ್ಕದ ಮೆಷಿನ್ನಿಗೆ ಗೆಳೆಯನ ಕೈ ಸಿಕ್ಕಿಕೊಂಡದ್ದನ್ನು ಕಂಡು ಮನೆಗೆ ಬಂದವನು ಮಾತು ಬಿಟ್ಟ. ಮೂರು ತಿಂಗಳು ಒಂದು ಸೊಲ್ಲಿಲ್ಲ. ಕೆಂಗಲ್ ಹನುಮಂತರಾಯನಿಂದ ಹಿಡಿದು ಕಂಡ ಕಂಡ ದೇವರಿಗೆಲ್ಲ ಕೈಮುಗಿದೆವು. ಅವನು ಊಟವನ್ನೂ ಬಿಡುತ್ತ ಬಂದಾಗ ಮಗ ಕೈತಪ್ಪುತ್ತಾನೆಂದು ಅವ್ವನಿಗೆ ಖಾತ್ರಿಯಾಯಿತು.

ನಾನು ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೋಗಿದ್ದಾಗ, ನೂಲು ತೆಗೆಯುವ ಸಾಬರೊಬ್ಬರ ಹತ್ತಿರ ಇದನ್ನು ಹೇಳಿಕೊಂಡೆ. "ತಾಲ್ಲೂಕು ಆಸ್ಪತ್ರೆಗೆ ಗುರುವಾರ ಒಬ್ರು ಮೇಡಂ ಬತ್ತಾರೆ ಕಣಪ್ಪ. ಇಂಜೆಕ್ಷನ್ನು ಗಿಂಜೆಕ್ಷನ್ನು ಏನಿಲ್ಲ, ಕೂತ್ಕಂಡು ಮಾತಾಡಿಸ್ತಾರೆ. ನಮ್ ಹುಡ್ಗಿ ಅವ್ರಿಂದ್ಲೇ ಎದ್ ಕೂತ್ಲು" ಎಂದರು.

ಆಸ್ಪತ್ರೆಯಲ್ಲಿ ವಿಚಾರಿಸಿದರೆ "ಡಾಕ್ಟರಾ, ನರ್ಸಾ?" ಎಂದು ಕೇಳಿದರು. ಎರಡೂ ಅಲ್ಲ ಎಂದೆ. ಮತ್ತೇನು ಎನ್ನುವುದು ನನಗೂ ಗೊತ್ತಿರಲಿಲ್ಲ. ಕೊನೆಗೆ ಎಕ್ಸ್‌ರೇ ಕೋಣೆಯ ಹಿಂದೆ, ಎರಡೇ ಕುರ್ಚಿಗಳಿದ್ದ ಜಾಗದಲ್ಲಿ ಸಿಕ್ಕರು. ನಾನು ಹೇಳಿದ್ದನ್ನೆಲ್ಲ ಕೇಳಿ, "ಅವರು ಬರಲ್ಲ ಅಂದ್ರೆ ನಾನೇ ಬರ್ತೀನಿ" ಎಂದರು.

ಬಂದರು. ಆದರೆ ಮನೆಯೊಳಗೆ ರೇಷ್ಮೆ ಹುಳ ಮೇಯುತ್ತಿತ್ತು. ಹುಳ ಇರುವ ಮನೆಯೊಳಕ್ಕೆ ನಮ್ಮ ಕಡೆ ಹೊರಗಿನವರನ್ನು ಬಿಡುವುದಿಲ್ಲ. "ತಪ್ಪು ತಿಳ್ಕಬ್ಯಾಡಿ ತಾಯಿ, ಒಳೀಕೆ ಬುಡಾಕಾಗಕಿಲ್ಲ" ಎಂದಳು ಅವ್ವ. ಮೇಡಂ ಬೇಸರ ಮಾಡಿಕೊಳ್ಳದೆ ಜಗಲಿಯಲ್ಲಿ ಕೂತು, ಒಳಗೆ ಮೂಲೆಯಲ್ಲಿದ್ದ ಅಣ್ಣನಿಗೆ ಕೇಳುವ ಹಾಗೆ ಬಸ್ಸಿನ ಸುದ್ದಿ, ಹಾದಿಯ ಸುದ್ದಿ ಹೇಳಿದರು. ಅವನು ತುಟಿ ಬಿಚ್ಚಲಿಲ್ಲ. ಮುಂದಿನ ವಾರವೂ ಅಷ್ಟೇ. ಅವರ ಬಸ್ಸಿನ ದುಡ್ಡು ದಂಡ ಎಂದುಕೊಂಡೆ.

ಮೂರನೆಯ ಗುರುವಾರ ಅವರಿಗೆ ಸುಮ್ಮನೆ ಕೂರಲಾಗಲಿಲ್ಲ. ಅವ್ವನಿಗೆ ಸಹಾಯವಾಗಲೆಂದು ಹಿಪ್ಪುನೇರಳೆ ಸೊಪ್ಪನ್ನು ಕಡ್ಡಿಯಿಂದ ಬಿಡಿಸಿ, ಬಸ್ಸಾರಿಗೆ ತೊಳೆಯುವ ಹಾಗೆ ಬಕೆಟ್ ನೀರಿನಲ್ಲಿ ಅದ್ದಿ ಅದ್ದಿ ತೊಳೆದರು.

"ಅಯ್ಯಯ್ಯೋ! ಒದ್ದೆ ಸೊಪ್ಪು ಹಾಕ್ಬುಟ್ರೆ ಹುಳ ಸತ್ತೋಯ್ತವೆ ಕಣ್ರೀ! ನೀರಿಂದ ತಗೀರಿ!"

ಕೂಗುತ್ತ ಅಣ್ಣ ಹೊಸಿಲಿಗೆ ಓಡಿ ಬಂದಿದ್ದ. ಅವ್ವ ಅಲ್ಲೇ ಕುಸಿದು ಕೂತು ಅತ್ತಳು. ನಾನೂ ಅತ್ತೆ, ಅದರಲ್ಲಿ ನಾಚಿಕೆಯೇನಿಲ್ಲ. ಮೇಡಂ ಮಾತ್ರ, "ಹಾಗಾದ್ರೆ ಈಗ ಏನ್ ಮಾಡೋದು, ಹೇಳಿಕೊಡಿ" ಎಂದರು. ಅಣ್ಣ ಗೋಣಿತಾಟು ಹಾಸಿ ಸೊಪ್ಪನ್ನು ಆರಲು ಹರಡಿದ. ಮುಂದಿನ ಗುರುವಾರಗಳಲ್ಲಿ ಗೆಳೆಯನ ಕೈಯ ಮಾತೂ ಬಂತು. ಪೂರ್ತಿ ಗುಣವಾಗಲು ವರ್ಷ ಹಿಡಿಯಿತು.

ಬೇಕೆಂದೇ ತೊಳೆದಿರಾ ಎಂದು ಎಷ್ಟೋ ವರ್ಷಗಳ ಮೇಲೆ ಕೇಳಿದೆ. "ಇಲ್ಲಪ್ಪ, ನಿಜವಾಗ್ಲೂ ಗೊತ್ತಿರ್ಲಿಲ್ಲ. ತೊಳೀದೆ ಯಾರಾದ್ರೂ ಸೊಪ್ಪು ಬಡಿಸ್ತಾರಾ?" ಎಂದು ನಕ್ಕರು.

ಅವರು ತೀರಿಕೊಂಡ ಸುದ್ದಿ ಬಂದಾಗಲೂ ಮನೆಯಲ್ಲಿ ಹುಳವಿತ್ತು. ಅಂಥ ಹೊತ್ತಿನಲ್ಲಿ ಸಾವಿನ ಮನೆಗೆ ಹೋದವರು ಒಳಗೆ ಬರುವಂತಿಲ್ಲ. ಅಣ್ಣ ಹೋದ. ಹಿಂದಿರುಗಿ ಸ್ನಾನ ಮಾಡಿ, ಯಾರೂ ಹೇಳುವ ಮೊದಲೇ ಜಗಲಿಯಲ್ಲಿ ಚಾಪೆ ಹಾಸಿದ. ಮೂರನೆಯ ದಿನ ಅವ್ವನೇ ಸೋತು, "ಸಾಕು, ಒಳೀಕೆ ಬಾರ್ಲಾ" ಎಂದಳು.

"ಇರ್ಲಿ ಬುಡವ್ವ. ಅವ್ರು ಮೂರು ವಾರ ಕೂತಿದ್ರು."